ಯೊಸೆಮಿಟಿ ಕಾಡಿನಲ್ಲಿ ಟೆಂಟ್ ಹಾಕುತ್ತಿದ್ದೇವೆ, ಕಪ್ಪು ಕರಡಿ ಎದುರಾದರೆ ಏನು ಮಾಡಬೇಕು?

ಬೆಳ್ಳಿಚುಕ್ಕಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಗೆಳತಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಬ್ಯಾಕ್‌ಪ್ಯಾಕಿಂಗ್ ಹೋಗುತ್ತಿದ್ದೇವೆ. ಪರ್ಮಿಟ್ ಸಿಕ್ಕಿದೆ. ಹಗಲಿನ ಚಾರಣ ಬೇಕಾದಷ್ಟು ಮಾಡಿದ್ದೇವೆ, ಆದರೆ ಕಾಡಿನೊಳಗೆ ರಾತ್ರಿ ಉಳಿಯುವುದು ಇದೇ ಮೊದಲು. ಮನೆಯವರೆಲ್ಲ ಕೇಳುವುದು ಒಂದೇ ಪ್ರಶ್ನೆ, ಕರಡಿ ಬಂದರೆ ಏನು ಮಾಡ್ತೀರಿ ಅಂತ. ಇಂಟರ್‌ನೆಟ್‌ನಲ್ಲಿ ಓದಿದಷ್ಟೂ ತಲೆ ಕೆಡುತ್ತಿದೆ. ಒಬ್ಬರು ಸತ್ತವರ ಹಾಗೆ ಮಲಗಿ ಅನ್ನುತ್ತಾರೆ, ಇನ್ನೊಬ್ಬರು ತಿರುಗಿ ಹೊಡೆಯಿರಿ ಅನ್ನುತ್ತಾರೆ. ಕರಡಿಯನ್ನು ಓಡಿಸುವ ಖಾರದ ಸ್ಪ್ರೇ ಇಟ್ಟುಕೊಳ್ಳಿ ಅಂತ ಒಬ್ಬರು, ಅಲ್ಲಿ ಅದನ್ನು ಒಯ್ಯುವಂತಿಲ್ಲ ಅಂತ ಮತ್ತೊಬ್ಬರು. ಹೋಗಿ ಬಂದವರು ಯಾರಾದರೂ ಸರಿಯಾಗಿ ಹೇಳ್ತೀರಾ?

ಮಲ್ನಾಡ್ ಹೆಜ್ಜೆ

ಒಳ್ಳೆ ಪ್ರಶ್ನೆ ಕೇಳಿದಿರಿ. ಯೊಸೆಮಿಟಿ ಇರುವ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ ತುಂಬಾ ವರ್ಷಗಳಿಂದ ಓಡಾಡುತ್ತಿದ್ದೇನೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಗೊಂದಲಕ್ಕೆ ಕಾರಣ ಇದು. ಅಮೆರಿಕದಲ್ಲಿ ಕರಡಿ ಅಂದರೆ ಒಂದೇ ಜಾತಿ ಅಲ್ಲ. ಸತ್ತವರ ಹಾಗೆ ಮಲಗಿ ಅನ್ನುವ ಮಾತು ಗ್ರಿಜ್ಲಿ ಎಂಬ ಇನ್ನೊಂದು ಜಾತಿಯ ಕರಡಿಗೆ ಸೇರಿದ್ದು. ಅದೂ ಗಾಬರಿಬಿದ್ದು ತನ್ನ ರಕ್ಷಣೆಗೆ ಮೇಲೆ ಬಿದ್ದ ಗ್ರಿಜ್ಲಿಗೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಗ್ರಿಜ್ಲಿ 1920ರ ದಶಕದಲ್ಲೇ ಮುಗಿದುಹೋಯಿತು, ಈಗ ಅದು ರಾಜ್ಯದ ಬಾವುಟದ ಮೇಲೆ ಮಾತ್ರ ಇದೆ. ಯೊಸೆಮಿಟಿಯಲ್ಲಿ ನಿಮಗೆ ಸಿಗುವುದು ಕಪ್ಪು ಕರಡಿಯೇ. ಪಾರ್ಕ್‌ನವರ ಲೆಕ್ಕದಲ್ಲಿ ಅಲ್ಲಿ 300ರಿಂದ 500 ಕರಡಿಗಳಿವೆ.

ಹೆಸರು ಕಪ್ಪು ಕರಡಿ ಅಂತ ಇದ್ದರೂ ಬಣ್ಣ ನೋಡಿ ಗುರುತಿಸಲು ಹೋಗಬೇಡಿ. ಸಿಯೆರಾದಲ್ಲಿ ಹೆಚ್ಚಿನವು ಕಂದು ಬಣ್ಣದವು, ಕೆಲವು ದಾಲ್ಚಿನ್ನಿಯ ಬಣ್ಣ, ಕೆಲವು ಗೋಧಿ ಬಣ್ಣ. ಗ್ರಿಜ್ಲಿ ಇರುವ ರಾಜ್ಯಗಳಿಗೆ ಮುಂದೆ ಹೋದರೆ ಭುಜ ನೋಡಿ. ಗ್ರಿಜ್ಲಿಯ ಭುಜದ ಮೇಲೆ ಎದ್ದು ಕಾಣುವ ಡುಬ್ಬ ಇರುತ್ತದೆ. ಕಪ್ಪು ಕರಡಿಗೆ ಅದಿಲ್ಲ. ಅದರ ಮುಖ ನೇರ, ಕಿವಿ ಉದ್ದ.

ಈಗ ಮುಖ್ಯ ವಿಷಯ. ಕಪ್ಪು ಕರಡಿ ಎದುರಾದರೆ ಓಡಬೇಡಿ. ಅದು ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಓಡುತ್ತದೆ. ಮರವನ್ನೂ ಹತ್ತಬೇಡಿ, ಅದು ನಿಮಗಿಂತ ಬೇಗ ಹತ್ತುತ್ತದೆ. ನಿಂತಲ್ಲೇ ನಿಲ್ಲಿ, ಇಬ್ಬರೂ ಒತ್ತೊತ್ತಾಗಿ ನಿಲ್ಲಿ, ಕೈ ಮೇಲೆತ್ತಿ ದೊಡ್ಡವರಾಗಿ ಕಾಣಿಸಿಕೊಳ್ಳಿ. ದೊಡ್ಡ ದನಿಯಲ್ಲಿ ಗದರಿಸಿ. ಕನ್ನಡದಲ್ಲೇ ಗದರಿಸಿ, ದನಿ ಗಟ್ಟಿಯಾಗಿದ್ದರೆ ಸಾಕು. ಪಾತ್ರೆ ಇದ್ದರೆ ಬಡಿಯಿರಿ. ಅದು ಹೋಗಲು ದಾರಿ ಬಿಟ್ಟಿರಬೇಕು. ನೂರಕ್ಕೆ ತೊಂಬತ್ತು ಸಲ ನೀವು ಅದನ್ನು ನೋಡುವ ಮೊದಲೇ ಅದು ಜಾಗ ಖಾಲಿ ಮಾಡಿರುತ್ತದೆ ಅನ್ನುವುದು ನನ್ನ ಅನಿಸಿಕೆ. ದಾಳಿಯೇ ಮಾಡಿತು ಅಂದರೂ ಮಲಗಬಾರದು. ಕಲ್ಲು, ಕೋಲು, ಕೈಗೆ ಸಿಕ್ಕಿದ್ದರಿಂದ ಮುಖಕ್ಕೆ, ಮೂಗಿಗೆ ಹೊಡೆಯಬೇಕು.

ಸ್ಪ್ರೇ ವಿಷಯ: ಯೊಸೆಮಿಟಿಯೊಳಗೆ ಬೇರ್ ಸ್ಪ್ರೇ ಒಯ್ಯುವಂತಿಲ್ಲ, ಅಲ್ಲಿ ಅದನ್ನು ಆಯುಧ ಅಂತ ಪರಿಗಣಿಸುತ್ತಾರೆ. ಬೇರೆ ಎಷ್ಟೋ ಕಡೆ ಒಯ್ಯಬಹುದು, ಒಯ್ಯಬೇಕು ಕೂಡ. ಹೋಗುವ ಜಾಗದ ನಿಯಮ ನೋಡಿಕೊಳ್ಳಿ.

ಹೊಸಪೇಟೆಯವ

ನಮ್ಮ ಊರಿನ ಪಕ್ಕವೇ ದರೋಜಿ ಕರಡಿಧಾಮ ಇದೆ. ಕರಡಿ ನೋಡುತ್ತಲೇ ಬೆಳೆದವರು ನಾವು. ಹೊಲಕ್ಕೆ ನೀರು ಕಟ್ಟಲು ಹೋದವರ ಮುಖ ಕಿತ್ತ ಘಟನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಅಣ್ಣಾ, ಕರಡಿಗೆ ಎದುರು ನಿಂತು ಗದರಿಸಿ ಅಂತ ಹೇಳುತ್ತಿದ್ದೀರಲ್ಲ, ಓದಿ ಎದೆ ಝಲ್ ಅಂತು. ನಮ್ಮ ಹಿರಿಯರು ಹೇಳುವುದೇ ಬೇರೆ.

ಮಲ್ನಾಡ್ ಹೆಜ್ಜೆ

ನಿಮ್ಮ ಹಿರಿಯರು ಹೇಳುವುದು ಅಲ್ಲಿಗೆ ಸರಿ. ಆ ಕರಡಿ ಬೇರೆ, ಈ ಕರಡಿ ಬೇರೆ. ನಮ್ಮ ಕಡೆಯದು ಗೆದ್ದಲು ತಿನ್ನುವ ಕರಡಿ. ಹುಲಿ, ಚಿರತೆ ಇರುವ ಕಾಡಿನಲ್ಲಿ ಬದುಕಿದ ಪ್ರಾಣಿ. ಹತ್ತಿರದಲ್ಲಿ ಬೆಚ್ಚಿಬಿದ್ದರೆ ಓಡುವ ಬದಲು ಮೈಮೇಲೆ ಎರಗುತ್ತದೆ. ಅಲ್ಲಿ ಅದು ಮೇಲೆ ಬಿದ್ದರೆ ಬೋರಲು ಮಲಗಿ ಕತ್ತು, ಮುಖ ಮುಚ್ಚಿಕೊಳ್ಳಿ ಅನ್ನುತ್ತಾರೆ. ಅಮೆರಿಕದ ಕಪ್ಪು ಕರಡಿಗೆ ಹೆದರಿದಾಗ ಮರ ಹತ್ತುವುದು, ಓಡಿಹೋಗುವುದು ರೂಢಿ. ಇಲ್ಲಿಯ ಪಾಠವನ್ನು ದರೋಜಿಗೆ ಒಯ್ಯಬೇಡಿ, ಅಲ್ಲಿಯದನ್ನು ಇಲ್ಲಿಗೆ ತರಬೇಡಿ. ಊರಿನಿಂದ ಬರುವ ಅಪ್ಪ ಅಮ್ಮಂದಿರಿಗೂ ಇದನ್ನು ಹೇಳಿರಿ. ಅವರ ಮನಸ್ಸಿನಲ್ಲಿ ಇರುವುದು ನಮ್ಮ ಕಡೆಯ ಕರಡಿಯೇ.

ಜರ್ಸಿ ಕನ್ನಡಿಗ

ಇಲ್ಲಿ ನಾನೊಂದು ಘಟನೆ ಹೇಳಲೇಬೇಕು. 2014ರ ಸೆಪ್ಟೆಂಬರ್, ನ್ಯೂಜರ್ಸಿಯ ವೆಸ್ಟ್ ಮಿಲ್ಫರ್ಡ್ ಹತ್ತಿರ ಅಪ್ಶಾವಾ ಎಂಬ ರಕ್ಷಿತ ಕಾಡು. ನ್ಯೂಯಾರ್ಕ್‌ನಿಂದ ಕಾರಿನಲ್ಲಿ ಹೆಚ್ಚು ದೂರವಿಲ್ಲ. ಐದು ಜನ ಗೆಳೆಯರು ಚಾರಣಕ್ಕೆ ಹೋಗಿದ್ದರು. ಎದುರಿನಿಂದ ಬಂದ ಇಬ್ಬರು ಮುಂದೆ ಕರಡಿ ಇದೆ, ಹಿಂದಿರುಗಿ ಅಂದರು. ಹುಡುಗರು ಮುಂದೆ ಹೋದರು, ಸುಮಾರು 300 ಅಡಿ ದೂರದಲ್ಲಿ ಕರಡಿ ಕಂಡಿತು, ಫೋನ್‌ನಲ್ಲಿ ಫೋಟೋ ತೆಗೆದರು. ಹಿಂದಿರುಗಿ ಹೊರಟಾಗ ಕರಡಿ ಅವರ ಹಿಂದೆಯೇ ಬಂತು. ಹೆದರಿ ಓಡಿದರು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ನಾಲ್ವರು ಮತ್ತೆ ಸೇರಿದರು. ಐದನೆಯವನು ಬರಲಿಲ್ಲ.

ನ್ಯೂಜರ್ಸಿಯ ದಾಖಲೆಯಲ್ಲಿ ಕರಡಿಯಿಂದ ಸತ್ತ ಮೊದಲ ವ್ಯಕ್ತಿ ಆ ಹುಡುಗ. ಆವತ್ತು ಇಲ್ಲಿಯ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚಲಿಲ್ಲ. ಆ ಗೆಳೆಯರನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಆ ವಯಸ್ಸಿನಲ್ಲಿ ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ಅದರಿಂದ ನಾವು ಕಲಿಯದೆ ಹೋದರೆ ತಪ್ಪಾಗುತ್ತದೆ. ಕರಡಿ ಇದೆ ಅಂತ ಯಾರಾದರೂ ಹೇಳಿದರೆ ಹಿಂದಿರುಗಿ. ಫೋಟೋಗೆ ನಿಲ್ಲಬೇಡಿ. ಏನೇ ಆದರೂ ಗುಂಪು ಚದುರಬಾರದು. ಐದು ಜನ ಒಟ್ಟಿಗೆ ನಿಂತು ಕೂಗಿದ್ದರೆ ಆ ಕರಡಿ ಏನು ಮಾಡುತ್ತಿತ್ತೋ, ಯಾರೂ ಹೇಳಲಾರರು. ಒಬ್ಬನೇ ಓಡುವವನಿಗಿಂತ ಒಟ್ಟಿಗೆ ನಿಂತ ಐವರು ಗಟ್ಟಿ ಅನ್ನುವುದಂತೂ ನಿಜ.

ಅಡಿಕೆತೋಟ

ಶಿರಸಿ ಕಡೆಯವಳು ನಾನು. ನನ್ನ ಮಗ ಸಿಯಾಟಲ್‌ನಲ್ಲಿದ್ದಾನೆ. ಶನಿವಾರ ಬಂತೆಂದರೆ ಒಬ್ಬನೇ ಕಾಡಿಗೆ ಹೋಗುತ್ತಾನೆ. ಏನೂ ಆಗಲ್ಲ ಅಮ್ಮ ಅಂತಾನೆ. ಮೇಲಿನದನ್ನು ಓದಿದ ಮೇಲೆ ನಿದ್ದೆ ಬರುವ ಹಾಗಿಲ್ಲ. ಅವನಿಗೆ ಏನು ಹೇಳಲಿ?

ಒಂಟಾರಿಯೊ ಅಕ್ಕ

ಅಮ್ಮಾ, ಮೊದಲು ಸಮಾಧಾನ ಮಾಡಿಕೊಳ್ಳಿ. ಉತ್ತರ ಅಮೆರಿಕದಲ್ಲಿ ಲಕ್ಷಗಟ್ಟಲೆ ಕಪ್ಪು ಕರಡಿಗಳಿವೆ. ಸಾವು ವರ್ಷಕ್ಕೆ ಸರಾಸರಿ ಒಂದೂ ಇಲ್ಲ. ನಿಮ್ಮ ಮಗ ಕಾಡಿಗೆ ಕಾರು ಓಡಿಸಿಕೊಂಡು ಹೋಗುತ್ತಾನಲ್ಲ, ಅಪಾಯ ಆ ರಸ್ತೆಯಲ್ಲೇ ಜಾಸ್ತಿ.

ಆದರೆ ಬರಿ ಸಮಾಧಾನ ಹೇಳಿ ಸುಮ್ನೆ ಕೂರಲಾರೆ. ಕ್ಯಾಲ್ಗರಿ ವಿಶ್ವವಿದ್ಯಾಲಯದ ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1900ರಿಂದ 2009ರವರೆಗೆ ಅಮೆರಿಕ, ಕೆನಡಾಗಳಲ್ಲಿ ಕಾಡಿನ ಕಪ್ಪು ಕರಡಿಗಳಿಂದ 63 ಜನ ಸತ್ತಿದ್ದಾರೆ. ಕೆನಡಾ ಮತ್ತು ಅಲಾಸ್ಕಾದಲ್ಲೇ 49. ಸತ್ತವರ ಗುಂಪುಗಳನ್ನು ನೋಡಿದರೆ ನೂರಕ್ಕೆ 91ರಲ್ಲಿ ಇದ್ದದ್ದು ಒಬ್ಬರು ಅಥವಾ ಇಬ್ಬರು ಮಾತ್ರ. ದೊಡ್ಡ ಗುಂಪಿನ ತಂಟೆಗೆ ಕರಡಿ ಬರುವುದು ಬಲು ಅಪರೂಪ.

ನಾನು ಪದೇ ಪದೇ ಯೋಚಿಸುವುದು ಅದರಲ್ಲಿನ ಇನ್ನೊಂದು ಅಂಕಿ. ಆ ಸಾವುಗಳಲ್ಲಿ ನೂರಕ್ಕೆ 88ರಷ್ಟರಲ್ಲಿ ಕರಡಿ ಹೆದರಿ ದಾಳಿ ಮಾಡಿದ್ದಲ್ಲ. ಬೇಟೆ ಅಂತಲೇ ಬಂದದ್ದು. ಹಾಗೆ ಬಂದ ಕರಡಿಗಳಲ್ಲಿ ನೂರಕ್ಕೆ 92 ಗಂಡು. ನಾವೆಲ್ಲ ಮರಿಗಳ ಜೊತೆ ಇರುವ ತಾಯಿಗೆ ಹೆದರುತ್ತೇವೆ. ಕಪ್ಪು ಕರಡಿಯ ಮಟ್ಟಿಗೆ ಆ ಹೆದರಿಕೆಯ ದಿಕ್ಕು ತಪ್ಪಿದೆ. ತಾಯಿ ಮರಿಗಳನ್ನು ಮರ ಹತ್ತಿಸಿ ಬುಡದಲ್ಲಿ ನಿಂತು ಬುಸುಗುಡುತ್ತದೆ, ಹಲ್ಲು ಕಟಕಟ ಅನ್ನಿಸುತ್ತದೆ, ನೆಲಕ್ಕೆ ಪಂಜ ಬಡಿಯುತ್ತದೆ, ನಾಲ್ಕು ಹೆಜ್ಜೆ ನುಗ್ಗಿ ಬಂದು ಗಕ್ಕನೆ ನಿಲ್ಲುತ್ತದೆ. ನೋಡುವವರಿಗೆ ಜೀವ ಬಾಯಿಗೆ ಬರುತ್ತದೆ. ಆದರೆ ಅದು ಹೇಳುತ್ತಿರುವುದು ದೂರ ಹೋಗು ಅಂತ ಮಾತ್ರ. ಮಾತಾಡುತ್ತಾ ನಿಧಾನಕ್ಕೆ ಹಿಂದೆ ಸರಿದರೆ ಮುಗಿಯಿತು.

ಹೆದರಬೇಕಾದದ್ದು ಸದ್ದಿಲ್ಲದೆ ಬರುವ ಕರಡಿಗೆ. ಬುಸುಗುಡುವುದಿಲ್ಲ, ಹಲ್ಲು ಕಡಿಯುವುದಿಲ್ಲ. ತಲೆ ನೇರ ಇಟ್ಟು, ನಿಮ್ಮ ಮೇಲೆ ಕಣ್ಣು ನೆಟ್ಟು ಹಿಂದೆಯೇ ಬರುತ್ತದೆ. ನೀವು ನಿಂತರೆ ನಿಲ್ಲುತ್ತದೆ, ಹೊರಟರೆ ಹೊರಡುತ್ತದೆ, ಪ್ರತಿ ಸಲ ಸ್ವಲ್ಪ ಹತ್ತಿರ ಆಗಿರುತ್ತದೆ. ಏನು ಮುದ್ದಾಗಿ ಕುತೂಹಲದಿಂದ ನೋಡ್ತಿದೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅಲ್ಲೇ ಎಡವುವುದು. ಅಂಥ ಕರಡಿಗೆ ಬೆನ್ನು ತೋರಿಸಬಾರದು, ತಗ್ಗಬಾರದು. ಕೂಗಿ, ಕಲ್ಲೆಸೆದು, ಸ್ಪ್ರೇ ಇದ್ದರೆ ಹೊಡೆದು, ನಿಮ್ಮ ತಂಟೆಗೆ ಬಂದರೆ ಸುಲಭವಿಲ್ಲ ಅಂತ ಅದಕ್ಕೆ ಗೊತ್ತು ಮಾಡಿಸಬೇಕು.

ನಮ್ಮ ಕೆನಡಾದ ಅಲ್ಗಾನ್‌ಕ್ವಿನ್ ಪಾರ್ಕ್‌ನ ಒಪಿಯಾಂಗೊ ಸರೋವರದಲ್ಲಿ 1991ರ ಅಕ್ಟೋಬರ್‌ನಲ್ಲಿ ದ್ವೀಪವೊಂದರಲ್ಲಿ ಟೆಂಟ್ ಹಾಕಿದ್ದ ಇಬ್ಬರನ್ನು ಒಂದು ಗಂಡು ಕರಡಿ ಕೊಂದಿತು. ಅದಕ್ಕೆ ರೋಗ ಇರಲಿಲ್ಲ, ಗಾಯ ಇರಲಿಲ್ಲ. ಅಲಾಸ್ಕಾದಲ್ಲಿ 2017ರ ಜೂನ್‌ನಲ್ಲಿ ಎರಡು ದಿನದಲ್ಲಿ ಇಬ್ಬರು ಸತ್ತರು, ಬೇರೆ ಬೇರೆ ಜಾಗದಲ್ಲಿ. ಒಬ್ಬರು ಬೆಟ್ಟದ ಓಟದಲ್ಲಿದ್ದವರು, ಇನ್ನೊಬ್ಬರು ಗಣಿ ಕೆಲಸದ ಮೇಲೆ ಕಾಡಿಗೆ ಹೋದವರು. ಎರಡನೆಯ ಕಡೆ ಜೊತೆಗಿದ್ದವರ ಹತ್ತಿರ ಸ್ಪ್ರೇ ಇತ್ತು, ಅವರು ಉಳಿದರು.

ಅಮ್ಮಾ, ಮಗನಿಗೆ ಹೋಗಬೇಡ ಅನ್ನಬೇಡಿ. ಅವನು ಕೇಳುವುದಿಲ್ಲ, ಆಮೇಲೆ ಹೇಳದೆ ಹೋಗುತ್ತಾನೆ. ಸ್ಪ್ರೇಯನ್ನು ಚೀಲದೊಳಗೆ ತುಂಬದೆ ಸೊಂಟಕ್ಕೆ ಕಟ್ಟಿಕೊ, ಕಿವಿಗೆ ಇಯರ್‌ಫೋನ್ ಹಾಕಬೇಡ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಒಬ್ಬರಿಗಾದರೂ ಮೆಸೇಜ್ ಹಾಕು ಅನ್ನಿ. ಆದಷ್ಟು ಜೊತೆ ಹುಡುಕಿಕೊಳ್ಳಲಿ.

ಅಡಿಕೆತೋಟ

ನಿಮ್ಮ ಹೊಟ್ಟೆ ತಣ್ಣಗಿರಲಿ ತಂಗಿ. ಇದನ್ನೇ ಅವನಿಗೆ ಕಳಿಸುತ್ತೇನೆ.

ಬೆಳ್ಳಿಚುಕ್ಕಿ

ಅಕ್ಕಾ, ಓದಿ ಮೈ ಜುಂ ಅಂದರೂ ಒಳ್ಳೆಯದೇ ಆಯಿತು. ಯೊಸೆಮಿಟಿಯಲ್ಲಿ ಸ್ಪ್ರೇ ಇಲ್ಲವಲ್ಲ, ಆಗ?

ಮಲ್ನಾಡ್ ಹೆಜ್ಜೆ

ಯೊಸೆಮಿಟಿಯಲ್ಲಿ ಇಲ್ಲಿಯವರೆಗೆ ಕಪ್ಪು ಕರಡಿಯಿಂದ ಯಾರೂ ಸತ್ತ ದಾಖಲೆ ಇಲ್ಲ. ಇಡೀ ಕ್ಯಾಲಿಫೋರ್ನಿಯಾದಲ್ಲೇ ಮೊದಲ ಸಾವು ದಾಖಲಾದದ್ದು 2023ರಲ್ಲಿ, ಡೌನಿವಿಲ್ ಎಂಬ ಊರಿನ ಮನೆಯೊಂದರಲ್ಲಿ. ಕಾಡಿನಲ್ಲಿ ಅಲ್ಲ. ನಿಮ್ಮ ಪ್ರವಾಸದಲ್ಲಿ ನಿಜವಾಗಿ ಎದುರಾಗುವ ಸಮಸ್ಯೆ ಊಟದ್ದು. ಕರಡಿಗೆ ಬೇಕಾದದ್ದು ನೀವಲ್ಲ, ನಿಮ್ಮ ಅವಲಕ್ಕಿ.

ಇದರ ಹಿಂದೆ ಒಂದು ಇತಿಹಾಸವೇ ಇದೆ. ಯೊಸೆಮಿಟಿಯಲ್ಲಿ ಒಂದು ಕಾಲಕ್ಕೆ ಕಸದ ರಾಶಿಯ ಹತ್ತಿರ ಪ್ರವಾಸಿಗರನ್ನು ಕೂರಿಸಿ, ಕರಡಿ ತಿನ್ನುವುದನ್ನು ತೋರಿಸುತ್ತಿದ್ದರು. 1940ರಲ್ಲಿ ಅದು ನಿಂತಿತು. ತೆರೆದ ಕಸದ ಗುಂಡಿ ಕೊನೆಗೆ ಮುಚ್ಚಿದ್ದು 1971ರಲ್ಲಿ. ಅಷ್ಟರಲ್ಲಿ ಕರಡಿಗಳ ತಲೆಮಾರುಗಳೇ ಮನುಷ್ಯರ ಊಟ ಕಲಿತಿದ್ದವು. ತಾಯಿ ಮರಿಗೆ ಕಲಿಸುತ್ತದೆ, ನೋಡಿ. 1998ರಲ್ಲಿ ಒಂದೇ ವರ್ಷ 1,500ಕ್ಕೂ ಜಾಸ್ತಿ ಕರಡಿ ಪ್ರಕರಣ, 6 ಲಕ್ಷ ಡಾಲರ್‌ಗೂ ಹೆಚ್ಚು ನಷ್ಟ. ಕಾರಿನ ಬಾಗಿಲನ್ನು ಮೇಲಿನಿಂದ ಹಿಡಿದು ಬಾಳೆಹಣ್ಣು ಸುಲಿದ ಹಾಗೆ ಬಗ್ಗಿಸುತ್ತಿದ್ದವು. ಆಮೇಲೆ ಊಟ ಇಡಲು ಕಬ್ಬಿಣದ ಲಾಕರ್, ಕಡ್ಡಾಯ ಕ್ಯಾನಿಸ್ಟರ್ (ಕರಡಿ ಸುಲಭವಾಗಿ ತೆರೆಯಲಾಗದ ಊಟದ ಗಟ್ಟಿ ಡಬ್ಬಿ), ದಂಡ, ರಾತ್ರಿ ಗಸ್ತು ಎಲ್ಲ ಬಿಗಿಯಾದ ಮೇಲೆ ಆ ಸಂಖ್ಯೆ ತೀರಾ ಕೆಳಗಿಳಿಯಿತು. ಕರಡಿ ಬದಲಾಗಲಿಲ್ಲ, ನಮ್ಮನ್ನು ಬದಲಾಯಿಸಿದರು.

ಹೊಸಪೇಟೆಯವ

ಇದು ಗೊತ್ತಿರಲಿಲ್ಲ. ದರೋಜಿಯಲ್ಲೂ ಪ್ರವಾಸಿಗರಿಗೆ ಕಾಣಲಿ ಅಂತ ಬಂಡೆಗೆ ಸಿಹಿ ಸವರುತ್ತಾರೆ. ಸಂಜೆ ಕರಡಿ ಬಂದು ನೆಕ್ಕುವುದನ್ನು ವೀಕ್ಷಣಾ ಗೋಪುರದಿಂದ ನೋಡುತ್ತೇವೆ. ದೂರದಿಂದ ನೋಡುವುದು, ಕೈಯಲ್ಲಿ ತಿನ್ನಿಸುವುದಲ್ಲ. ಆದರೂ ಈಗ ಅದರ ಬಗ್ಗೆ ಯೋಚನೆ ಬರುತ್ತಿದೆ.

ತುಂಗಾತೀರ

ಕ್ಯಾನಿಸ್ಟರ್ ಒಂದು ಕೆ.ಜಿ. ಭಾರ. ಅದನ್ನು ಹೊರುವ ಬದಲು ಊಟದ ಚೀಲವನ್ನು ಹಗ್ಗದಿಂದ ಮರಕ್ಕೆ ಕಟ್ಟಿದರೆ ಆಗಲ್ವಾ? ಹಿಂದಿನವರೆಲ್ಲ ಹಾಗೇ ಮಾಡುತ್ತಿದ್ದರು.

ಮಲ್ನಾಡ್ ಹೆಜ್ಜೆ

ಯೊಸೆಮಿಟಿಯಲ್ಲಿ ಆಗಲ್ಲ. ನಿಯಮವೂ ಒಪ್ಪುವುದಿಲ್ಲ, ಕರಡಿಯೂ ಒಪ್ಪುವುದಿಲ್ಲ. ಹಗ್ಗ ಕಟ್ಟಿದ ಬುಡ ಹುಡುಕಿ ಕಡಿಯುವುದು, ತೆಳು ಕೊಂಬೆಗೆ ಮರಿಯನ್ನು ಹತ್ತಿಸುವುದು, ಇವೆಲ್ಲ ಅವಕ್ಕೆ ಬರುತ್ತದೆ. ಟೆನೆಸ್ಸಿ ಕಡೆಯ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಬಿಡಾರದ ಜಾಗಗಳಲ್ಲೇ ಉಕ್ಕಿನ ತಂತಿ, ರಾಟೆ ಹಾಕಿಕೊಟ್ಟಿದ್ದಾರೆ, ಅಲ್ಲಿ ನೇತುಹಾಕಬಹುದು.

ಕರಡಿಯ ಬುದ್ಧಿ ಎಷ್ಟು ಅಂದರೆ, ನ್ಯೂಯಾರ್ಕ್‌ನ ಆಡಿರಾಂಡ್ಯಾಕ್ ಬೆಟ್ಟಗಳಲ್ಲಿ ಎರಡೂ ಕಿವಿಗೆ ಹಳದಿ ಗುರುತು ಹಾಕಿದ್ದ ಒಂದು ಹೆಣ್ಣು ಕರಡಿ ಇತ್ತು. ಯೆಲ್ಲೊ ಯೆಲ್ಲೊ ಅಂತಲೇ ಕರೆಯುತ್ತಿದ್ದರು. ಬೇರ್‌ವಾಲ್ಟ್ ಕಂಪನಿಯ ಕ್ಯಾನಿಸ್ಟರ್‌ನ ಮುಚ್ಚಳ ತೆಗೆಯುವುದನ್ನು ಅದು ಕಲಿತಿತ್ತು. ಕಂಪನಿ ಮುಚ್ಚಳದ ವಿನ್ಯಾಸ ಬದಲಾಯಿಸಿದರೂ ಬಿಡಲಿಲ್ಲ. 2012ರಲ್ಲಿ ಬೇಟೆಗಾರರೊಬ್ಬರಿಗೆ ಗುರಿಯಾಗಿ ಸತ್ತಿತು. ಅದರ ಸುದ್ದಿ ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು.

ಮನುಷ್ಯರ ಊಟಕ್ಕೆ ಒಗ್ಗಿದ ಕರಡಿಯ ಕಥೆ ಸಾಮಾನ್ಯವಾಗಿ ಹಾಗೇ ಮುಗಿಯುತ್ತದೆ. ಧೈರ್ಯ ಜಾಸ್ತಿಯಾಗಿ ಟೆಂಟ್‌ಗೆ ಕೈ ಹಾಕುತ್ತದೆ, ಆಮೇಲೆ ಅರಣ್ಯ ಸಿಬ್ಬಂದಿಯೇ ಅದನ್ನು ಕೊಲ್ಲಬೇಕಾಗುತ್ತದೆ. ಹೆರೆರೊ ಅವರ ಅಧ್ಯಯನದಲ್ಲೂ ನೂರಕ್ಕೆ 38ರಷ್ಟು ಸಾವುಗಳಲ್ಲಿ ಮನುಷ್ಯರ ಊಟ ಅಥವಾ ಕಸದ ಪಾತ್ರ ಇದ್ದಿರಬಹುದು ಅಂತ ಇದೆ. ನೀವು ಒಂದು ಕೆ.ಜಿ. ಹೊತ್ತರೆ ಮುಂದಿನ ವಾರ ಅದೇ ಜಾಗದಲ್ಲಿ ಮಲಗುವವರಿಗೂ, ಆ ಕರಡಿಗೂ ಒಳ್ಳೆಯದು. ಹೊರಲೇಬೇಕು.

ತುಂಗಾತೀರ

ಸರಿ ಅಣ್ಣ, ಒಪ್ಪಿದೆ. ಹೊರುತ್ತೇನೆ.

ಬೆಳ್ಳಿಚುಕ್ಕಿ

ಕ್ಯಾನಿಸ್ಟರ್‌ನೊಳಗೆ ಏನೇನು ಹಾಕಬೇಕು? ನಾವು ಒಯ್ಯುತ್ತಿರುವುದು ಎಲ್ಲ ನಮ್ಮ ಊಟವೇ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ತುಪ್ಪ, ಹುರಿದ ಅವಲಕ್ಕಿ, ಉಪ್ಪಿಟ್ಟಿಗೆ ಹುರಿದ ರವೆ.

ಮಲ್ನಾಡ್ ಹೆಜ್ಜೆ

ವಾಸನೆ ಇರುವುದೆಲ್ಲ ಒಳಗೆ. ಊಟ ಮಾತ್ರ ಅಂತ ಅಂದುಕೊಳ್ಳುವುದರಲ್ಲೇ ನಮ್ಮವರು ಎಡವುವುದು. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಬಾಮ್, ಸೋಪು, ವಿಕ್ಸ್, ಕೊಬ್ಬರಿ ಎಣ್ಣೆ ಬಾಟಲಿ, ಖಾಲಿ ಪೊಟ್ಟಣ, ಬಳಸಿದ ಪ್ಯಾಡ್, ಎಲ್ಲವೂ. ಕರಡಿಗೆ ಇವೆಲ್ಲ ಊಟದ ಸುಳಿವೇ. ತಲೆಗೆ ಎಣ್ಣೆ ಹಚ್ಚಿಕೊಂಡು ಮಲಗುವ ಅಭ್ಯಾಸ ಇದ್ದರೆ ಆ ರಾತ್ರಿಗಳ ಮಟ್ಟಿಗೆ ಬಿಡಿ.

ಡಬ್ಬಿಗಳನ್ನು ಒಳಗೆ ಇಡಬೇಡಿ, ಜಾಗ ಹಾಳು. ಅವಲಕ್ಕಿ, ರವೆಗಳನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಕ್ಯಾನಿಸ್ಟರ್ ಗೋಡೆಗೆ ಅಂಟುವ ಹಾಗೆ ಸುತ್ತಲೂ ತುಂಬಿ. ಗೊಜ್ಜು, ತುಪ್ಪ ಸೋರುವ ವಸ್ತು, ಎರಡೆರಡು ಚೀಲ ಹಾಕಿ ಮಧ್ಯದಲ್ಲಿ ನಿಲ್ಲಿಸಿ. ಮೊದಲ ರಾತ್ರಿಯ ಊಟ ಎಲ್ಲಕ್ಕಿಂತ ಮೇಲೆ ಇರಲಿ. ಪೂರ್ತಿ ತುಂಬಿದ ಮೇಲೂ ಟೂತ್‌ಪೇಸ್ಟ್‌ಗೆ ಜಾಗ ಬೇಕು, ಅದನ್ನು ಮನೆಯಲ್ಲೇ ತುಂಬಿ ನೋಡಿ. ಕೆಲವು ಕ್ಯಾನಿಸ್ಟರ್‌ಗಳ ಬೀಗ ತಿರುಗಿಸಲು ನಾಣ್ಯ ಬೇಕು. ಚಳಿಗೆ ಬೆರಳು ಮರಗಟ್ಟಿದಾಗ ಕಷ್ಟ, ಒಂದು ನಾಣ್ಯ ಜೇಬಿನಲ್ಲೇ ಇರಲಿ.

ಅಡುಗೆ, ಊಟ ಟೆಂಟ್‌ನಿಂದ ದೂರ ಮಾಡಿ. ಒಗ್ಗರಣೆಯಂತೂ ಬೇಡ್ವೇ ಬೇಡ, ಇಂಗು ಬೆರೆಸಿದ ತುಪ್ಪದ ಘಮ ಕಣಿವೆಯ ಆಚೆಗೂ ಹೋಗುತ್ತದೆ. ಮಲಗುವ ಮೊದಲು ಕ್ಯಾನಿಸ್ಟರ್ ಅನ್ನು ಟೆಂಟ್‌ನಿಂದ ನೂರು ಹೆಜ್ಜೆಯಾದರೂ ಆಚೆ, ಸಮತಟ್ಟಾದ ನೆಲದ ಮೇಲೆ ಇಡಿ. ಇಳಿಜಾರು, ಹೊಳೆದಂಡೆ ಬೇಡ, ಉರುಳಿಸಿಬಿಡುತ್ತದೆ. ಹಗ್ಗ ಕಟ್ಟಬೇಡಿ, ಅದಕ್ಕೆ ಹಿಡಿಕೆ ಸಿಕ್ಕ ಹಾಗೆ ಆಗುತ್ತದೆ.

ಒಮ್ಮೆ ಯೊಸೆಮಿಟಿಯ ಟುವಾಲಮಿ ಕಡೆ ರಾತ್ರಿ ಎಚ್ಚರವಾದಾಗ ಗಟ್ಟಿ ಪ್ಲಾಸ್ಟಿಕ್ ಬಂಡೆಗೆ ತಾಗುವ ಟಕ್ ಟಕ್ ಸದ್ದು ಕೇಳಿತ್ತು. ಟೆಂಟ್‌ನಿಂದಲೇ ನಾವೆಲ್ಲ ಕೂಗಿದೆವು, ಪಾತ್ರೆ ಬಡಿದೆವು, ಹೋಯಿತು. ಬೆಳಗ್ಗೆ ನೋಡಿದರೆ ಮುಚ್ಚಳದ ಸುತ್ತ ಹಲ್ಲಿನ ಗೀರು, ಒಣಗಿದ ಜೊಲ್ಲು, ಅದಕ್ಕೆ ಮೆತ್ತಿದ ಪೈನ್ ಎಲೆ. ಒಳಗಿನ ಉಪ್ಪಿಟ್ಟಿನ ರವೆ ಹಾಗೇ ಇತ್ತು.

ಹಾಂ, ಸೆಪ್ಟೆಂಬರ್ ಅಂದಿರಲ್ಲ. ಚಳಿಗಾಲದ ನಿದ್ದೆಗೆ ಕೊಬ್ಬು ಕೂಡಿಸುವ ಕಾಲ ಅದು, ಹಗಲು ರಾತ್ರಿ ತಿನ್ನುತ್ತಲೇ ಇರುತ್ತವೆ. ದಿನಕ್ಕೆ 20,000 ಕ್ಯಾಲೊರಿವರೆಗೂ ತಿನ್ನುತ್ತವೆ ಅನ್ನುತ್ತಾರೆ. ದಾರಿಯಲ್ಲಿ ಹಣ್ಣಿನ ಬೀಜ ತುಂಬಿದ ಹಸಿ ಲದ್ದಿ ಕಂಡರೆ, ಸೀಳಿ ಹಾಕಿದ ಕೊಳೆತ ದಿಮ್ಮಿ ಕಂಡರೆ ಮಾತಾಡುತ್ತಾ ನಡೆಯಿರಿ. ಹೊಳೆಯ ಸದ್ದು ಜೋರಾಗಿರುವ ಕಡೆ, ತಿರುವುಗಳಲ್ಲಿ ಇನ್ನೂ ಗಟ್ಟಿಯಾಗಿ. ಚೀಲಕ್ಕೆ ಕಟ್ಟುವ ಸಣ್ಣ ಗೆಜ್ಜೆ ಮಾರುತ್ತಾರೆ, ಅದನ್ನು ನಂಬಬೇಡಿ.

ಒಂಟಾರಿಯೊ ಅಕ್ಕ

ಒಂದು ಸೇರಿಸುತ್ತೇನೆ. ಕರಡಿ ಊಟ ಕಿತ್ತುಕೊಂಡೇಬಿಟ್ಟರೆ ಹೋಗಲಿ ಬಿಡಿ, ಬಿಡಿಸಿಕೊಳ್ಳಲು ಹೋಗಬೇಡಿ. ಆಮೇಲೆ ರೇಂಜರ್‌ಗೆ ತಪ್ಪದೆ ತಿಳಿಸಿ. ದಂಡ ಹಾಕ್ತಾರೆ ಅಂತ ಮುಚ್ಚಿಟ್ಟರೆ ಮುಂದಿನವರಿಗೆ ಅಪಾಯ. ಇನ್ನು ರಾತ್ರಿ ಟೆಂಟ್‌ಗೇ ಕೈ ಹಾಕಿತು ಅಂದರೆ ಅದು ಬೇರೆ ಮಾತು. ಹಾಗೆ ಬಂದ ಕರಡಿಯ ಮುಂದೆ ಸುಮ್ಮನೆ ಮುದುರಿ ಕೂರಬೇಡಿ. ಕಿರುಚಿ, ಬೆಳಕು ಬಿಡಿ, ಹೊಡೆಯಿರಿ. ಇಬ್ಬರೂ ಒಂದೇ ಟೆಂಟ್‌ನಲ್ಲಿ ಮಲಗಿ.

ಬೆಳ್ಳಿಚುಕ್ಕಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೆಳತಿಗೂ ಓದಿ ಹೇಳಿದೆ. ಅವಳ ಅಣ್ಣನೂ ಬರುತ್ತಾನಂತೆ, ಮೂವರಾದೆವು. ಕ್ಯಾನಿಸ್ಟರ್ ಪರ್ಮಿಟ್ ಕೊಡುವಲ್ಲೇ ಬಾಡಿಗೆಗೆ ಸಿಗುತ್ತದೆ ಅಂತ ನೋಡಿದೆ. ಕೊನೆಯದೊಂದು ಪ್ರಶ್ನೆ. ವಾಪಸ್ ಬಂದ ಮೇಲೆ ತಿನ್ನಲು ಚಕ್ಕುಲಿ, ಮೊಸರನ್ನದ ಐಸ್‌ಬಾಕ್ಸ್ ಕಾರಿನ ಡಿಕ್ಕಿಯಲ್ಲಿ ಇಟ್ಟು ಹೋಗಬಹುದಾ?

ಮಲ್ನಾಡ್ ಹೆಜ್ಜೆ

ಬೇಡ. ಅಲ್ಲಿ ಕತ್ತಲಾದ ಮೇಲೆ ಕಾರಿನಲ್ಲಿ ಊಟ ಇಡುವಂತಿಲ್ಲ, ಡಿಕ್ಕಿಯಲ್ಲೂ ಇಲ್ಲ. ದಾರಿ ಶುರುವಾಗುವಲ್ಲಿ ಕಬ್ಬಿಣದ ಲಾಕರ್‌ಗಳಿವೆ. ಚಕ್ಕುಲಿಯನ್ನು ಚೀಲಕ್ಕೆ ಹಾಕಿ, ಮೇಲೆ ಹೆಸರು ಮತ್ತು ವಾಪಸ್ ಬರುವ ದಿನಾಂಕ ಬರೆದು ಅದರಲ್ಲಿಡಿ. ಕೊಕ್ಕೆ ಪೂರ್ತಿ ಬೀಳಿಸಿ. ಮೊಸರನ್ನ ಅಷ್ಟು ದಿನ ಕೆಡದೆ ಇರುವುದಿಲ್ಲ, ಮನೆಯಲ್ಲೇ ಬಿಡಿ. ಕಾರಿನ ಸೀಟಿನ ಸಂದಿಯಲ್ಲಿ ಬಿದ್ದ ಬಿಸ್ಕತ್ತಿನ ಚೂರು, ಚೂಯಿಂಗ್ ಗಮ್, ಮಕ್ಕಳ ಸೀಟಿನ ಕೆಳಗಿನ ಕಸ, ಎಲ್ಲ ಹಿಂದಿನ ದಿನವೇ ಗುಡಿಸಿ ತೆಗೆಯಿರಿ. ಪಾರ್ಕ್‌ನೊಳಗೆ ರಸ್ತೆ ಬದಿಯಲ್ಲಿ ಕೆಂಪು ಕರಡಿಯ ಚಿತ್ರ ಇರುವ ಫಲಕಗಳು ಕಾಣುತ್ತವೆ. ಕಾರು ಕರಡಿಗೆ ಡಿಕ್ಕಿ ಹೊಡೆದ ಜಾಗಗಳು ಅವು. ಅಲ್ಲಿ ನಿಧಾನವಾಗಿ ಓಡಿಸಿ.